ತಾವು ಬರೆದ ಪುಸ್ತಕವನ್ನು ತಾವೇ ತಿದ್ದಿದವರು: ಗಾಂಧೀಜಿ ಮತ್ತು ಊಟದ ವಿಚಾರ

ಆರೋಗ್ಯಕರ ಊಟದ ಬಗ್ಗೆ, ಸಸ್ಯಾಹಾರದ ಬಗ್ಗೆ, ಹಾಲು ಮೊಸರನ್ನೂ ಬಿಟ್ಟ ಪೂರ್ಣ ಸಸ್ಯಾಹಾರದ ಬಗ್ಗೆ ಈಗ ಕನ್ನಡದಲ್ಲೂ ಬೇಕಾದಷ್ಟು ಪುಸ್ತಕಗಳು ಸಿಗುತ್ತವೆ. ಒಂದು ಪುಸ್ತಕ ಹಾಲು ಕುಡಿಯಿರಿ ಎನ್ನುತ್ತದೆ, ಇನ್ನೊಂದು ಹಾಲೇ ರೋಗಕ್ಕೆ ಮೂಲ ಎನ್ನುತ್ತದೆ. ಯಾವುದನ್ನು ನಂಬಬೇಕು ಎಂದು ಸಂಘದ ಗೆಳೆಯರು ಆಗಾಗ ಕೇಳುವುದುಂಟು. ಈ ಪ್ರಶ್ನೆಯನ್ನು ಇಟ್ಟುಕೊಂಡೇ ಈ ಸಲದ ಬದುಕು-ಪರಿಚಯಕ್ಕೆ ನಾವು ಮಹಾತ್ಮ ಗಾಂಧಿಯವರನ್ನು ಆರಿಸಿಕೊಂಡಿದ್ದೇವೆ. ದಂಡಿಯಾತ್ರೆ, ಚರಕ, ಸೆರೆಮನೆಗಳ ಕಥೆ ಎಲ್ಲರಿಗೂ ಗೊತ್ತು. ಊಟದ ಪುಸ್ತಕಗಳನ್ನು ಓದಿ, ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿ, ತಾವೂ ಪುಸ್ತಕ ಬರೆದು, ಅದು ತಪ್ಪೆಂದು ತಿಳಿದಾಗ ಊರಿಗೆಲ್ಲ ಹೇಳಿ ತಿದ್ದಿದ ಗಾಂಧೀಜಿ ಅಷ್ಟಾಗಿ ಪರಿಚಿತರಲ್ಲ.

ಊಟದ ಬಗ್ಗೆ ಪುಸ್ತಕ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಬೇಸಾಯ, ನೀರು ಹುಡುಕುವ ವಿದ್ಯೆಗಳ ಜೊತೆ ಅಡುಗೆಯ ವಿಷಯವೂ ಇದೆ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಸೂಪಶಾಸ್ತ್ರ ಎಂಬ ಅಡುಗೆ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಆತ ಜೈನ, ಅವನ ಅಡುಗೆ ಸಸ್ಯಾಹಾರ. ನಮ್ಮ ಅಮರಾಪುರ, ರಾಯದುರ್ಗಗಳ ಕಡೆಯೂ ಹಳೆಯ ಜೈನ ಕುರುಹುಗಳು ಉಳಿದಿವೆ, ಆದ್ದರಿಂದ ಆ ಪರಂಪರೆ ನಮಗೆ ದೂರದ್ದಲ್ಲ. ಆ ಗ್ರಂಥಗಳು ಹೇಗೆ ಬೇಯಿಸಬೇಕು ಎಂದು ಹೇಳಿಕೊಟ್ಟವು. ಏನನ್ನು ತಿನ್ನಬೇಕು, ಏಕೆ ತಿನ್ನಬೇಕು, ಅದರಿಂದ ಮೈಗೆ ಏನಾಗುತ್ತದೆ ಎಂಬ ಚರ್ಚೆಯ ಪುಸ್ತಕಗಳು ಗಾಂಧೀಜಿಗೆ ಸಿಕ್ಕಿದ್ದು ಲಂಡನ್ನಿನಲ್ಲಿ.

ತಾಯಿಗೆ ಕೊಟ್ಟ ಮಾತು

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಮನೆಯವರು ವೈಷ್ಣವರು. ತಾಯಿ ಪುತಲೀಬಾಯಿ ವ್ರತ, ಉಪವಾಸಗಳನ್ನು ಬಿಡದೆ ನಡೆಸುವವರು. ಜೈನ ಸಾಧುಗಳೂ ಮನೆಗೆ ಬಂದು ಹೋಗುತ್ತಿದ್ದರು. ಮಾಂಸದ ಮಾತೇ ಇಲ್ಲದ ಮನೆ ಅದು.

ಆದರೂ ಹುಡುಗ ಮೋಹನದಾಸ ಮಾಂಸ ತಿಂದದ್ದುಂಟು. ಇಂಗ್ಲಿಷರು ಗಟ್ಟಿಮುಟ್ಟಾಗಿರುವುದು ಮಾಂಸದಿಂದ, ನಾವೂ ತಿಂದರೆ ಅವರನ್ನು ಓಡಿಸಬಹುದು ಎಂದು ಗೆಳೆಯನೊಬ್ಬ ನಂಬಿಸಿದ್ದ. ನದಿಯ ದಂಡೆಯಲ್ಲಿ ಕದ್ದುಮುಚ್ಚಿ ಆಡಿನ ಮಾಂಸ ತಿಂದ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಒಂದು ವರ್ಷದಲ್ಲಿ ಹೀಗೆ ಐದಾರು ಸಲ ನಡೆಯಿತು. ಹೊರಗೆ ತಿಂದು ಬಂದು ಮನೆಯಲ್ಲಿ ಹಸಿವಿಲ್ಲ ಎಂದು ತಾಯಿಗೆ ಸುಳ್ಳು ಹೇಳಬೇಕಾಗುತ್ತಿತ್ತು. ಆ ಸುಳ್ಳು ಸಹಿಸಲಾಗದೆ ಮಾಂಸ ಬಿಟ್ಟರು. ಆಗಲೂ ಮಾಂಸ ತಪ್ಪು ಎಂದು ಅವರಿಗೆ ಅನಿಸಿರಲಿಲ್ಲ. ತಂದೆತಾಯಿಯ ಕಾಲದ ನಂತರ ರಾಜಾರೋಷವಾಗಿ ತಿನ್ನಬಹುದು ಎಂದೇ ಅಂದುಕೊಂಡಿದ್ದರು.

1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟಾಗ ತಾಯಿ ಹೆದರಿದರು. ಮನೆತನಕ್ಕೆ ಬೇಕಾದ ಜೈನ ಸಾಧು ಬೇಚರ್‌ಜಿ ಸ್ವಾಮಿಗಳು ಮಾಂಸ, ಮದ್ಯ, ಪರಸ್ತ್ರೀಯರಿಂದ ದೂರ ಇರುವುದಾಗಿ ಹುಡುಗನಿಂದ ಪ್ರತಿಜ್ಞೆ ಮಾಡಿಸಿದ ಮೇಲೆಯೇ ಅಪ್ಪಣೆ ಸಿಕ್ಕಿತು.

ಒಂದು ಶಿಲ್ಲಿಂಗ್‌ನ ಪುಸ್ತಕ

ಲಂಡನ್ನಿನ ಮೊದಲ ದಿನಗಳು ಅರೆಹೊಟ್ಟೆಯವು. ಬ್ರೆಡ್ಡು, ಸಪ್ಪೆ ಸೊಪ್ಪು, ಜಾಮ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಇನ್ನೂ ಎರಡು ಚೂರು ಬ್ರೆಡ್ಡು ಕೇಳಲು ಸಂಕೋಚ. ಗೆಳೆಯರು ಪ್ರತಿಜ್ಞೆ ಬಿಟ್ಟುಬಿಡು ಎಂದು ಪೀಡಿಸುತ್ತಿದ್ದರು. ಸಸ್ಯಾಹಾರದ ಹೋಟೆಲು ಹುಡುಕುತ್ತಾ ದಿನಕ್ಕೆ ಹತ್ತಾರು ಮೈಲಿ ನಡೆದ ಮೇಲೆ ಫ್ಯಾರಿಂಗ್ಡನ್ ರಸ್ತೆಯಲ್ಲಿ ಒಂದು ಸಿಕ್ಕಿತು. ಬಾಗಿಲ ಬಳಿ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಹೆನ್ರಿ ಸಾಲ್ಟ್ ಎಂಬ ಲೇಖಕರು ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು ಒಳಗೆ ಹೋಗಿ ಕೂತರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಾ ಉಂಡದ್ದು ಅದೇ ಮೊದಲು.

ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಲ್ಲಿಯವರೆಗೆ ತಾಯಿಗಾಗಿ ಸಸ್ಯಾಹಾರಿಯಾಗಿದ್ದವರು ಅಂದಿನಿಂದ ತಾವೇ ಒಪ್ಪಿ ಸಸ್ಯಾಹಾರಿಯಾದರು. ನಂತರ ಹಸಿವಾದವರಂತೆ ಓದಿದರು. ಹೋವರ್ಡ್ ವಿಲಿಯಮ್ಸ್ ಬರೆದ ಆಹಾರ ನೀತಿಯ ಇತಿಹಾಸ, ವೈದ್ಯೆ ಆನಾ ಕಿಂಗ್ಸ್‌ಫರ್ಡ್ ಅವರ ಪುಸ್ತಕ, ಔಷಧಿಗಿಂತ ಪಥ್ಯವೇ ಮೇಲು ಎನ್ನುತ್ತಿದ್ದ ಡಾಕ್ಟರ್ ಆಲಿನ್ಸನ್ ಅವರ ಬರಹಗಳು, ಹೀಗೆ ಒಂದಾದ ಮೇಲೊಂದು. ಓದಿದ್ದನ್ನು ಒಡನೆಯೇ ಮಾಡಿ ನೋಡುವ ಅಭ್ಯಾಸವೂ ಆಗಲೇ ಶುರುವಾಯಿತು. ಊರಿನಿಂದ ತರಿಸುತ್ತಿದ್ದ ಮಸಾಲೆ, ಸಿಹಿ ತಿಂಡಿಗಳು ನಿಂತವು. ರುಚಿ ಇರುವುದು ನಾಲಿಗೆಯಲ್ಲಿ ಅಲ್ಲ, ಮನಸ್ಸಿನಲ್ಲಿ ಎಂದು ಕಂಡುಕೊಂಡರು.

ಮೊಟ್ಟೆಯ ಪ್ರಶ್ನೆ ಬಂದಾಗ ಅವರು ತೆಗೆದುಕೊಂಡ ತೀರ್ಮಾನವನ್ನು ನಾವು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ. ಮಾಂಸ ಎಂದರೆ ಏನು ಎನ್ನುವುದಕ್ಕೆ ಅಲ್ಲಿನ ಸಸ್ಯಾಹಾರಿಗಳಲ್ಲೇ ಮೂರು ಅರ್ಥಗಳಿದ್ದವು. ಒಂದರ ಪ್ರಕಾರ ಮೊಟ್ಟೆ ತಿನ್ನಬಹುದಿತ್ತು. ಸ್ವಲ್ಪ ದಿನ ತಿಂದೂ ನೋಡಿದರು. ಆಮೇಲೆ ಯೋಚಿಸಿದರು: ಮಾತು ತೆಗೆದುಕೊಂಡದ್ದು ತಾಯಿ, ತಾಯಿಯ ಮನಸ್ಸಿನಲ್ಲಿದ್ದ ಅರ್ಥವೇ ಅರ್ಥ. ಮೊಟ್ಟೆ ಬಿಟ್ಟರು.

ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು. ನಮ್ಮಂಥ ಸಂಘ ನಡೆಸುವವರಿಗೆ ಅಲ್ಲಿನ ಒಂದು ಪ್ರಸಂಗ ಪಾಠದಂತಿದೆ. ಡಾಕ್ಟರ್ ಆಲಿನ್ಸನ್ ಸಂತಾನ ನಿಯಂತ್ರಣದ ಪರವಾಗಿ ಪ್ರಚಾರ ಮಾಡುತ್ತಿದ್ದರೆಂದು ಅವರನ್ನು ಸಂಘದಿಂದ ತೆಗೆದುಹಾಕುವ ಮಾತು ಬಂತು. ಆ ವಿಷಯದಲ್ಲಿ ಗಾಂಧೀಜಿ ಆಲಿನ್ಸನ್ನರನ್ನು ಒಪ್ಪುತ್ತಿರಲಿಲ್ಲ. ಆದರೆ ಸಂಘ ಇರುವುದು ಸಸ್ಯಾಹಾರಕ್ಕೆ, ಬೇರೆ ವಿಷಯದ ಅಭಿಪ್ರಾಯಕ್ಕಾಗಿ ಸದಸ್ಯರನ್ನು ಹೊರಹಾಕುವುದು ಸರಿಯಲ್ಲ ಎಂದು ವಾದಿಸಿದರು. ವಾದವನ್ನು ಬರೆದು ತಂದಿದ್ದರು. ನಾಚಿಕೆಯಿಂದ ಓದಲಾಗದೆ ಬೇರೊಬ್ಬರು ಓದಿದರು. ಅವರ ಪಕ್ಷ ಸೋತಿತು. 1891ರಲ್ಲಿ ಊರಿಗೆ ಮರಳುವ ಮುನ್ನ ಆ ಸಂಘದ ಪತ್ರಿಕೆಗೆ ಭಾರತದ ಸಸ್ಯಾಹಾರಿಗಳ ಬಗ್ಗೆ ಲೇಖನಗಳನ್ನು ಬರೆದರು. ಗಾಂಧೀಜಿಯ ಬರವಣಿಗೆ ಶುರುವಾದದ್ದೇ ಊಟದ ವಿಷಯದಿಂದ.

ದಕ್ಷಿಣ ಆಫ್ರಿಕದಲ್ಲಿ

1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಆ ವರ್ಷವೇ ಪ್ರಿಟೋರಿಯಾದಲ್ಲಿ ಬೇಯಿಸದ ಧಾನ್ಯ, ಹಣ್ಣು ತಿಂದು ಬದುಕುವ ಪ್ರಯೋಗ ಮಾಡಿದರು. ಹಲ್ಲು ನೋವು, ಹಸಿವು, ನಿಶ್ಶಕ್ತಿ. ಎರಡು ವಾರ ತುಂಬುವ ಮೊದಲೇ ಬಿಡಬೇಕಾಯಿತು. ಸೋತದ್ದನ್ನು ಮುಚ್ಚಿಡದೆ ಲಂಡನ್ನಿನ ಪತ್ರಿಕೆಗೆ ಬರೆದು ಕಳಿಸಿದರು.

ಜೋಹಾನ್ಸ್‌ಬರ್ಗಿನಲ್ಲಿ ಸಸ್ಯಾಹಾರದ ಹೋಟೆಲು ನಡೆಸುತ್ತಿದ್ದ ಮಹಿಳೆಯೊಬ್ಬರು ಹೋಟೆಲನ್ನು ದೊಡ್ಡದು ಮಾಡಲು ಸಾಲ ಕೇಳಿದಾಗ, ತಮ್ಮ ಬಳಿ ಕಕ್ಷಿದಾರರೊಬ್ಬರು ಇಟ್ಟಿದ್ದ ದುಡ್ಡಿನಿಂದ ಅವರ ಒಪ್ಪಿಗೆ ಪಡೆದು ಸುಮಾರು 1,000 ಪೌಂಡು ಕೊಡಿಸಿದರು. ಆ ಹಣ ಮರಳಲಿಲ್ಲ. ಗಾಂಧೀಜಿ ಕೈಯಿಂದ ತುಂಬಿಕೊಟ್ಟರು. ಆದರೆ ಅಂಥ ಹೋಟೆಲಿನ ಮೇಜುಗಳಲ್ಲೇ ಆಲ್ಬರ್ಟ್ ವೆಸ್ಟ್, ಹೆನ್ರಿ ಪೋಲಕ್ ಅವರಂಥ ಗೆಳೆಯರು ಸಿಕ್ಕಿದರು. ರಸ್ಕಿನ್ ಅವರ ಪುಸ್ತಕವನ್ನು ರೈಲಿನಲ್ಲಿ ಓದಲು ಕೊಟ್ಟವರು ಈ ಪೋಲಕ್. ಅದನ್ನು ಓದಿ 1904ರಲ್ಲಿ ಫೀನಿಕ್ಸ್ ಆಶ್ರಮ ಹುಟ್ಟಿತು.

ಈ ಪ್ರಯೋಗಗಳು ಅವರೊಬ್ಬರಿಗೇ ಸೀಮಿತವಾಗಿದ್ದರೆ ಮಾತು ಬೇರೆ. ಮನೆಯವರೂ ಅದರೊಳಗಿದ್ದರು. ನಡುವೆ ಊರಿಗೆ ಬಂದು ಮುಂಬಯಿಯಲ್ಲಿದ್ದಾಗ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂತು. ವೈದ್ಯರು ಮೊಟ್ಟೆ, ಕೋಳಿ ಸಾರು ಕೊಡಬೇಕೆಂದರು. ಗಾಂಧೀಜಿ ಒಪ್ಪದೆ ಜಲಚಿಕಿತ್ಸೆ, ಕಿತ್ತಳೆ ರಸದ ಮೇಲೆ ಮಗನನ್ನು ಉಳಿಸಿಕೊಂಡರು. ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಸೊರಗಿದ್ದ ಕಸ್ತೂರಬಾ ಅವರಿಗೆ ವೈದ್ಯರು ಗೋಮಾಂಸದ ಸಾರು ಕೊಡಬೇಕೆಂದಾಗ, ಸತ್ತರೂ ಸರಿ, ಅದು ಬೇಡ ಎಂದವರು ಕಸ್ತೂರಬಾ ಅವರೇ. ಇಬ್ಬರೂ ಬದುಕಿದರು. ಉಳಿದದ್ದು ಪಥ್ಯದಿಂದಲೋ, ನೀರಿನಿಂದಲೋ, ದೇವರ ದಯೆಯಿಂದಲೋ ಯಾರು ಬಲ್ಲರು ಎಂದು ಗಾಂಧೀಜಿ ಮುಂದೆ ಬರೆದುಕೊಂಡರು. ಇಂದು ಯಾರಾದರೂ ಈ ಕಥೆಗಳನ್ನು ಹೇಳಿ ಜ್ವರದ ಮಗುವಿಗೆ ಔಷಧಿ ಬೇಡ ಎಂದರೆ ನಾವು ಒಪ್ಪಬಾರದು. ಸ್ವತಃ ಗಾಂಧೀಜಿಯೂ ಅದನ್ನು ಪವಾಡವೆಂದು ಮಾರಲಿಲ್ಲ.

ಹಾಲು ಬಿಟ್ಟರು, ಪುಸ್ತಕ ಬರೆದರು

1912ರಲ್ಲಿ, ಟಾಲ್‌ಸ್ಟಾಯ್ ಫಾರಂನಲ್ಲಿ, ಗೆಳೆಯ ಕ್ಯಾಲನ್‌ಬಾಕ್ ಜೊತೆ ಹಾಲನ್ನೂ ಬಿಟ್ಟರು. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬ ನಂಬಿಕೆ ಒಂದು ಕಾರಣ. ಹೆಚ್ಚು ಹಾಲು ಹಿಂಡಲು ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿದ್ದು ಇನ್ನೊಂದು ಕಾರಣ. ಆಮೇಲೆ ಅವರ ಊಟವೆಂದರೆ ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ. ಈಗ ವೀಗನ್ ಎನ್ನುವ ಊಟ ಇದೇ. ಆ ಪದ ಹುಟ್ಟಿದ್ದು ಬಹಳ ತಡವಾಗಿ, 1944ರಲ್ಲಿ, ಇಂಗ್ಲೆಂಡಿನಲ್ಲಿ.

1913ರಲ್ಲಿ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯ ಗುಜರಾತಿ ವಿಭಾಗದಲ್ಲಿ ಆರೋಗ್ಯದ ಬಗ್ಗೆ ಲೇಖನಮಾಲೆ ಬರೆದರು. ಗಾಳಿ, ನೀರು, ಊಟ, ವ್ಯಾಯಾಮ, ಮಣ್ಣಿನ ಪಟ್ಟಿ, ಎಲ್ಲವೂ ಅದರಲ್ಲಿತ್ತು. ಮನುಷ್ಯನಿಗೆ ತಾಯಿಹಾಲಿನ ನಂತರ ಬೇರೆ ಹಾಲು ಬೇಕಿಲ್ಲ ಎಂದೂ ಇತ್ತು. ಇದು ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋಯಿತು, 1921ರಲ್ಲಿ ಮದರಾಸಿನಿಂದ ಇಂಗ್ಲಿಷಿನಲ್ಲೂ ಬಂತು. ಗಾಂಧೀಜಿಯ ಬರಹಗಳಲ್ಲೇ ಅತಿ ಹೆಚ್ಚು ಜನ ಓದಿದ್ದು ಈ ಚಿಕ್ಕ ಪುಸ್ತಕ ಎನ್ನುವಷ್ಟು ಅದು ಹರಡಿತು. ಅದನ್ನು ಓದಿ ಹಾಲು ಬಿಟ್ಟವರೂ ಇದ್ದರು.

ಕಡಲೆಕಾಯಿ ಮತ್ತು ಆಡಿನ ಹಾಲು

1914ರಲ್ಲಿ ಲಂಡನ್ನಿನಲ್ಲಿ ಪಕ್ಕೆಯ ಉರಿಯೂತದಿಂದ ಮಲಗಿದಾಗ ಗೋಖಲೆಯವರೂ ಡಾಕ್ಟರ್ ಜೀವರಾಜ ಮೆಹ್ತಾ ಅವರೂ ಹಾಲು ಕುಡಿಯಲು ಒತ್ತಾಯಿಸಿದರು. ಗಾಂಧೀಜಿ ಜಗ್ಗಲಿಲ್ಲ. ಜಗ್ಗಬೇಕಾಗಿ ಬಂದದ್ದು ನಾಲ್ಕು ವರ್ಷಗಳ ನಂತರ. 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ದಿನಕ್ಕೆ ಇಪ್ಪತ್ತು ಮೈಲಿವರೆಗೂ ನಡೆಯುತ್ತಿದ್ದರು. ಊಟ ಮುಖ್ಯವಾಗಿ ಅರೆದ ಕಡಲೆಕಾಯಿ ಬೀಜ ಮತ್ತು ನಿಂಬೆಹಣ್ಣು. ಹೆಚ್ಚಾದರೆ ತೊಂದರೆ ಎಂದು ಗೊತ್ತಿದ್ದರೂ ಅದನ್ನೇ ತಿಂದರು. ಆಮಶಂಕೆ ಹಿಡಿಯಿತು. ಹಬ್ಬದ ದಿನ ಕಸ್ತೂರಬಾ ಮಾಡಿಟ್ಟ ಸಿಹಿ ಗಂಜಿ, ಹೆಸರುಕಾಳು ತಿಂದ ಮೇಲಂತೂ ಉಲ್ಬಣಿಸಿತು. ಔಷಧಿ ಬೇಡವೆಂದರು. ಸಾವು ಹತ್ತಿರ ಬಂತೆಂದು ಆಶ್ರಮದವರನ್ನು ಕರೆದು ಮಾತಾಡಿಯೂ ಆಯಿತು.

ಮಡಕಶಿರಾ, ರಾಯದುರ್ಗದ ನಮ್ಮ ಹೊಲಗಳಲ್ಲಿ ಕಡಲೆಕಾಯಿ, ಅಂದರೆ ಶೇಂಗಾ, ಎಷ್ಟು ಮುಖ್ಯವೆಂದು ಹೇಳಬೇಕಿಲ್ಲ. ಅದರ ಬೀಜದಲ್ಲಿ ನಾಲ್ಕನೇ ಒಂದು ಭಾಗ ಪ್ರೋಟೀನು, ಅರ್ಧದಷ್ಟು ಎಣ್ಣೆ. ಬಡವರ ಬಾದಾಮಿ ಎನ್ನುವುದು ಸುಮ್ಮನೆ ಅಲ್ಲ. ಆದರೆ ನಮ್ಮ ಅಜ್ಜಿಯಂದಿರು ಅದನ್ನು ಚಟ್ನಿಪುಡಿಯಾಗಿ ಮುದ್ದೆ, ರೊಟ್ಟಿ, ಸೊಪ್ಪಿನ ಜೊತೆ ಬಡಿಸಿದರೇ ಹೊರತು ಅದೊಂದನ್ನೇ ಊಟ ಮಾಡಲು ಬಿಡಲಿಲ್ಲ. ಹೊಟ್ಟೆಯಲ್ಲಿ ಪಿತ್ತ ಕೆರಳುತ್ತದೆ, ಬೆಲ್ಲದ ಜೊತೆ ತಿನ್ನು ಎಂದು ಗದರುತ್ತಿದ್ದರು. ಗಾಂಧೀಜಿಯ ಮೈ ಹೇಳಿದ್ದೂ ಸುಮಾರಾಗಿ ಇದನ್ನೇ.

1919ರ ಜನವರಿಯಲ್ಲಿ ಮುಂಬಯಿಯಲ್ಲಿ ಡಾಕ್ಟರ್ ದಲಾಲ್ ಶಸ್ತ್ರಚಿಕಿತ್ಸೆ ಮಾಡಿದರು. ಹಾಲು ಕುಡಿಯದೆ ಮೈ ಚೇತರಿಸುವುದಿಲ್ಲ ಎಂದರು. ಪ್ರತಿಜ್ಞೆ ಇದೆ ಎಂದರು ಗಾಂಧೀಜಿ. ಆಗ ಕಸ್ತೂರಬಾ ಒಂದು ಮಾತು ತೆಗೆದರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಯ ಹಾಲು, ಆಡಿನ ಹಾಲಿಗೆ ಏನು ಅಡ್ಡಿ? ಬದುಕುವ ಆಸೆ ಇತ್ತು, ರೌಲತ್ ಕಾಯ್ದೆಯ ವಿರುದ್ಧ ಹೋರಾಡಬೇಕಿತ್ತು. ಒಪ್ಪಿದರು. ಆಡಿನ ಹಾಲು ಅವರ ಜೀವ ಉಳಿಸಿತು.

ಆದರೆ ಆ ಒಪ್ಪಿಗೆ ಅವರನ್ನು ಕೊನೆಯವರೆಗೆ ಚುಚ್ಚಿತು. ಲಂಡನ್ನಿನಲ್ಲಿ ಇಪ್ಪತ್ತರ ಹುಡುಗ ಮಾತಿನ ಸಡಿಲ ಅರ್ಥ ಹಿಡಿಯದೆ ತಾಯಿಯ ಅರ್ಥವನ್ನೇ ಹಿಡಿದಿದ್ದ. ಐವತ್ತರ ಹತ್ತಿರದ ಗಾಂಧೀಜಿ ಪ್ರತಿಜ್ಞೆಯ ಅಕ್ಷರ ಉಳಿಸಿಕೊಂಡು ಆತ್ಮವನ್ನು ಬಿಟ್ಟರು. ಹೀಗೆಂದು ನಾವು ಹೇಳುತ್ತಿಲ್ಲ, ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅಷ್ಟೇ ಅಲ್ಲ, ತಮ್ಮ ಪುಸ್ತಕ ನಂಬಿ ಹಾಲು ಬಿಟ್ಟವರು ಅದರಿಂದ ಒಳ್ಳೆಯದಾಗದಿದ್ದರೆ, ಅನುಭವಸ್ಥ ವೈದ್ಯರು ಬೇಡವೆಂದರೆ, ಹಟ ಹಿಡಿಯಬಾರದು ಎಂದು ಎಚ್ಚರಿಸಿದರು. ಪುಸ್ತಕ ಮಾರಾಟವಾಗುತ್ತಿರುವಾಗಲೇ ಲೇಖಕರೇ ಹೀಗೆ ಹೇಳುವುದು ಅಪರೂಪ.

ನಂದಿಬೆಟ್ಟದಿಂದ ವರ್ಧಾವರೆಗೆ

1927ರ ಮಾರ್ಚಿನಲ್ಲಿ ಕೊಲ್ಹಾಪುರ, ನಿಪ್ಪಾಣಿ ಕಡೆ ಪ್ರವಾಸದಲ್ಲಿದ್ದಾಗ ರಕ್ತದೊತ್ತಡ ಏರಿ ಕುಸಿದರು. ವಿಶ್ರಾಂತಿಗೆ ಮೈಸೂರು ಸಂಸ್ಥಾನದ ಅತಿಥಿಯಾಗಿ ಏಪ್ರಿಲಿನಲ್ಲಿ ನಂದಿಬೆಟ್ಟಕ್ಕೆ ಬಂದರು. ನಮ್ಮ ಸೀಮೆಗೆ ಅಷ್ಟೇನೂ ದೂರವಲ್ಲದ ಆ ಬೆಟ್ಟದ ಮೇಲೆ ಸುಮಾರು ಒಂದೂವರೆ ತಿಂಗಳು ಇದ್ದರು. ಆ ದಿನಗಳಲ್ಲೂ ಆತ್ಮಕಥೆಯ ಕಂತುಗಳು ವಾರವಾರ ಅಚ್ಚಾಗುತ್ತಿದ್ದವು. ಆಮೇಲೆ ಬೆಂಗಳೂರಿಗೆ ಇಳಿದು, ಅಲ್ಲಿನ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ ಹಸು ಸಾಕುವ, ಹಾಲು ಕಾಯುವ ಪಾಠಗಳನ್ನು ವಿದ್ಯಾರ್ಥಿಯಂತೆ ಕಲಿತರು. ತಾವು ಕುಡಿಯದ ಹಸುವಿನ ಹಾಲು ದೇಶದ ಮಕ್ಕಳಿಗೆ ಬೇಕು ಎಂಬುದು ಅವರಿಗೆ ಅಷ್ಟರಲ್ಲಿ ಸ್ಪಷ್ಟವಾಗಿತ್ತು.

ಪ್ರಯೋಗದ ಹುಚ್ಚು ಮಾತ್ರ ಬಿಡಲಿಲ್ಲ. 1929ರ ಆಂಧ್ರ ಪ್ರವಾಸದಲ್ಲಿ ರಾಜಮಹೇಂದ್ರಿಯ ಪ್ರಕೃತಿ ಚಿಕಿತ್ಸಕ ಸುಂದರಂ ಗೋಪಾಲರಾಯರ ಮಾತಿನಿಂದ ಮತ್ತೆ ಬೇಯಿಸದ ಊಟ ಶುರು ಮಾಡಿದರು. ಮೊಳಕೆ ಗೋಧಿ, ಹಸಿ ತರಕಾರಿ, ಕಾಯಿ, ಹಣ್ಣು. ಆಶ್ರಮದವರೂ ಜೊತೆಗೂಡಿದರು. ಕೆಲವೇ ತಿಂಗಳಲ್ಲಿ ಆಮಶಂಕೆ ಮರಳಿತು, ಮತ್ತೆ ಆಡಿನ ಹಾಲೇ ಗತಿಯಾಯಿತು. ಶುರು ಮಾಡಿದ್ದನ್ನೂ ಸೋತದ್ದನ್ನೂ ಯಂಗ್ ಇಂಡಿಯಾದಲ್ಲಿ ವಿವರವಾಗಿ ಬರೆದರು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಮಾತಾಡಿದರು. ಹಳೆಯ ಹೆನ್ರಿ ಸಾಲ್ಟ್ ಅಲ್ಲಿದ್ದರು. ಆರೋಗ್ಯಕ್ಕಾಗಿ ಮಾತ್ರ ಸಸ್ಯಾಹಾರಿಯಾದವರು ಕಾಯಿಲೆ ಬಂದ ಕೂಡಲೇ ಬಿಟ್ಟುಬಿಡುತ್ತಾರೆ, ಪ್ರಾಣಿದಯೆಯ ನೆಲೆ ಇದ್ದರೆ ಮಾತ್ರ ನಿಲ್ಲುತ್ತಾರೆ ಎಂಬುದು ಅವರ ವಾದ. ಜೊತೆಗೆ, ಸಸ್ಯಾಹಾರಿಗಳು ಸದಾ ಊಟದ ಮಾತೇ ಆಡುತ್ತಾ ಮಿತಿಮೀರಿ ತಿನ್ನುವುದನ್ನೂ ಮೆತ್ತಗೆ ಚುಚ್ಚಿದರು.

1934ರ ಕೊನೆಯಲ್ಲಿ ಗ್ರಾಮೋದ್ಯೋಗ ಸಂಘ ಶುರುವಾದ ಮೇಲೆ ಅವರ ಗಮನ ಬಡವರ ತಟ್ಟೆಗೆ ತಿರುಗಿತು. ವರ್ಧಾದಲ್ಲಿ ಕುಳಿತು ಹರಿಜನ ಪತ್ರಿಕೆಗೆ ಒಂದೇ ಸಮನೆ ಬರೆದರು: ಗಿರಣಿಯಲ್ಲಿ ಪಾಲಿಷ್ ಮಾಡಿದ ಅಕ್ಕಿ ಬಿಡಿ, ಕುಟ್ಟಿದ ಅಕ್ಕಿ ತಿನ್ನಿ, ಸಕ್ಕರೆಗೆ ಬದಲು ಬೆಲ್ಲ, ಹಿತ್ತಲ ಸೊಪ್ಪನ್ನು ಕಡೆಗಣಿಸಬೇಡಿ, ಹುಣಸೆ, ಸೋಯಾ, ಎಣ್ಣೆ ತೆಗೆದ ಹಿಂಡಿಯ ಗುಣವೇನು ನೋಡಿ. ಅದೇ ಕಾಲಕ್ಕೆ ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ಆಹಾರ ವಿಜ್ಞಾನ ಬೆಳೆಯುತ್ತಿತ್ತು. ಪಾಲಿಷ್ ಅಕ್ಕಿಯ ಊಟದ ಇಲಿಗಳು ಸೊರಗಿ, ಇಡೀ ಗೋಧಿ, ಬೇಳೆ, ಹಾಲು, ಸೊಪ್ಪಿನ ಊಟದ ಇಲಿಗಳು ಚೆನ್ನಾಗಿ ಬೆಳೆದುದನ್ನು ಮೆಕ್ಯಾರಿಸನ್ ಅಲ್ಲಿ ತೋರಿಸಿದ್ದರು. ನಮ್ಮ ರಾಗಿಯ ಬಗ್ಗೆ ಮುಂದೆ ಬಂದ ಲೆಕ್ಕಗಳೂ ಇದೇ ದಾರಿಯವು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು.

ಸೆರೆಮನೆಯಲ್ಲಿ ಎರಡನೇ ಪುಸ್ತಕ

1942ರ ಆಗಸ್ಟ್ 9ರಂದು ಗಾಂಧೀಜಿಯನ್ನು ಹಿಡಿದು ಪುಣೆಯ ಆಗಾಖಾನ್ ಅರಮನೆಯಲ್ಲಿ ಇರಿಸಿದರು. ಆರು ದಿನಕ್ಕೆ, 15ರಂದು, ಇಪ್ಪತ್ತೈದು ವರ್ಷ ಮಗನಂತೆ ಜೊತೆಗಿದ್ದ ಮಹಾದೇವ ದೇಸಾಯಿ ಅಲ್ಲೇ ತೀರಿಕೊಂಡರು. ಆ ದುಃಖದಲ್ಲೇ, ಅದೇ ತಿಂಗಳ ಕೊನೆಗೆ, 72 ವರ್ಷದ ಗಾಂಧೀಜಿ ಹಳೆಯ ಆರೋಗ್ಯ ಪುಸ್ತಕವನ್ನು ಹೊಸದಾಗಿ ಬರೆಯಲು ಕೂತರು. ಡಿಸೆಂಬರ್ 18ಕ್ಕೆ ಮುಗಿಸಿದರು. ಆರೋಗ್ಯದ ಕೀಲಿಕೈ ಎಂಬ ಅರ್ಥದ ಹೆಸರಿನ ಆ ಪುಸ್ತಕವನ್ನು ಡಾಕ್ಟರ್ ಸುಶೀಲಾ ನಯ್ಯರ್ ಇಂಗ್ಲಿಷಿಗೆ ತಂದರು.

ಇದರಲ್ಲಿ ಹಾಲಿನ ಮಾತು ಬದಲಾಗಿದೆ. ಕೂತು ಕೆಲಸ ಮಾಡುವವರ ಒಂದು ದಿನದ ಊಟಕ್ಕೆ ಅವರು ಕೊಟ್ಟ ಲೆಕ್ಕವನ್ನು ಈಗಿನ ತೂಕದಲ್ಲಿ ಹೇಳುವುದಾದರೆ: ಹಸುವಿನ ಹಾಲು ಸುಮಾರು 900 ಗ್ರಾಂ, ಧಾನ್ಯ 170 ಗ್ರಾಂ, ಸೊಪ್ಪು 85 ಗ್ರಾಂ, ಬೇರೆ ತರಕಾರಿ 140 ಗ್ರಾಂ, ಹಸಿ ತರಕಾರಿ 28 ಗ್ರಾಂ, ತುಪ್ಪ ಮತ್ತು ಬೆಲ್ಲ ಅಥವಾ ಸಕ್ಕರೆ ತಲಾ 43 ಗ್ರಾಂ, ಕೈಗೆಟುಕಿದಷ್ಟು ಹಣ್ಣು. ಹಾಲು ಬೇಡ ಎಂದು ಬರೆದವರೇ ಹಾಲನ್ನು ಪಟ್ಟಿಯ ಮೊದಲಿಗೆ ಇಟ್ಟರು. ಹಾಲಿಗೆ ಸಮನಾದ ಸಸ್ಯ ಆಹಾರ ಸಿಕ್ಕೀತೆಂಬ ಹುಡುಕಾಟವನ್ನು ಮಾತ್ರ ಕೈಬಿಡಲಿಲ್ಲ. ಗಿಡಮೂಲಿಕೆಗಳ ಲೋಕದಲ್ಲಿ ಅಂಥದ್ದು ಇದ್ದೇ ಇರಬೇಕು, ವೈದ್ಯರು ಹುಡುಕಬೇಕು ಎಂಬ ಆಸೆ ಉಳಿಸಿಕೊಂಡಿದ್ದರು.

1944ರ ಫೆಬ್ರುವರಿ 22ರಂದು ಕಸ್ತೂರಬಾ ಅದೇ ಸೆರೆಯಲ್ಲಿ ಕಣ್ಣು ಮುಚ್ಚಿದರು. 1948ರ ಜನವರಿ 30ರ ಸಂಜೆ, ಆಡಿನ ಹಾಲು, ತರಕಾರಿ, ಕಿತ್ತಳೆಯ ಊಟ ಮುಗಿಸಿ ಪ್ರಾರ್ಥನೆಗೆ ನಡೆದುಹೋಗುತ್ತಿದ್ದ ಗಾಂಧೀಜಿ ಗುಂಡಿಗೆ ಬಲಿಯಾದರು. ಆಹಾರದ ಬಗ್ಗೆ ಅವರು ಬರೆದ ಲೇಖನಗಳನ್ನು ಭಾರತನ್ ಕುಮಾರಪ್ಪ ಸಂಗ್ರಹಿಸಿ ಮರುವರ್ಷ ಪುಸ್ತಕವಾಗಿ ತಂದರು.

ನಮಗೆ ಇದರಿಂದ ಏನು?

ಗಾಂಧೀಜಿ ತೀರಿಕೊಂಡ ಆ ವರ್ಷವೇ, 1948ರಲ್ಲಿ, ವಿಜ್ಞಾನಿಗಳು ಬಿ12 ವಿಟಮಿನ್ನನ್ನು ಬೇರ್ಪಡಿಸಿದರು. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಹಾಲು, ಮೊಟ್ಟೆ, ಮಾಂಸದಲ್ಲಿ ಇದು ಸಿಗುತ್ತದೆ. ಸೊಪ್ಪು, ಕಾಳು, ಧಾನ್ಯಗಳನ್ನು ಇದಕ್ಕಾಗಿ ನೆಚ್ಚಿಕೊಳ್ಳುವಂತಿಲ್ಲ. ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂಗೂ ಕಡಿಮೆ, ಆದರೆ ವರ್ಷಗಟ್ಟಲೆ ಸಿಗದಿದ್ದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಬರುತ್ತವೆ. ಹಾಲನ್ನೂ ಬಿಟ್ಟವರು ಇಂದು ಮಾತ್ರೆಯಿಂದಲೋ ಬಿ12 ಸೇರಿಸಿದ ಆಹಾರದಿಂದಲೋ ಅದನ್ನು ತುಂಬಿಕೊಂಡು ಆರೋಗ್ಯವಾಗಿರಬಹುದು. 1912ರಲ್ಲಿ ಈ ತಿಳಿವಳಿಕೆ ಯಾರಿಗೂ ಇರಲಿಲ್ಲ.

ಹಾಗಾಗಿ ಗೆಳೆಯರೇ, ಊಟದ ಪುಸ್ತಕ ಕೈಗೆತ್ತಿಕೊಂಡಾಗ ಗಾಂಧೀಜಿಯ ಎರಡು ಪುಸ್ತಕಗಳ ನಡುವಿನ 29 ವರ್ಷಗಳನ್ನು ನೆನೆಯೋಣ. ಲೇಖಕರು ತಮ್ಮ ಸೋಲನ್ನೂ ಹೇಳಿದ್ದಾರೆಯೇ? ಕಾಯಿಲೆಯವರು, ಬಸುರಿ ಬಾಣಂತಿಯರು, ಮಕ್ಕಳು ವೈದ್ಯರನ್ನು ಕೇಳಿ ಎಂದಿದ್ದಾರೆಯೇ? ಹಾಲು ಬಿಡಿ ಎಂದವರು ಬಿ12 ಬಗ್ಗೆ ಒಂದು ಸಾಲಾದರೂ ಬರೆದಿದ್ದಾರೆಯೇ? ಈ ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ರತ್ನಗಿರಿ, ಮಡಕಶಿರಾ, ರಾಯದುರ್ಗದ ಕಡೆಯ ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಮಾಡುವ ರಾಗಿ, ನವಣೆ, ಹುರುಳಿ, ಶೇಂಗಾ, ಬೆರಕೆ ಸೊಪ್ಪಿನ ಅಡುಗೆಗಳನ್ನು ಅವರ ಮಾತಿನಲ್ಲೇ ಬರೆದು ನಮಗೆ ಕಳಿಸಿ. ಯಾವುದು ಯಾವ ಕಾಲಕ್ಕೆ, ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನೂ ಬಿಡದೆ ಬರೆಯಿರಿ. ಬಂದವುಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.